ತರಂಗ ಸಿದ್ಧಾಂತವನ್ನೇ ನಂಬಿ ಪ್ರಾಧ್ಯಾಪಕ ವೃತ್ತಿಗೆ ಬರಬಹುದೇ? ಅನುಭವಸ್ಥರ ಉತ್ತರಗಳು

ಪ್ರಶ್ನೆ: ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸುತ್ತಿದ್ದೇನೆ. ವಿದ್ಯುತ್ಕಾಂತೀಯ ತರಂಗ ಸಿದ್ಧಾಂತದಲ್ಲಿ ಪಿಎಚ್‌ಡಿ ಮಾಡಿ ಪ್ರಾಧ್ಯಾಪಕನಾಗಬೇಕೆಂಬ ಆಸೆಯಿದೆ. ಆದರೆ 1865ರಲ್ಲೇ ಮ್ಯಾಕ್ಸ್‌ವೆಲ್ ಪ್ರಕಟಿಸಿದ ಸಿದ್ಧಾಂತದಲ್ಲಿ ಇನ್ನೇನು ಉಳಿದಿದೆ ಎಂದು ಸಹಪಾಠಿಗಳು ಕೇಳುತ್ತಾರೆ. ಈ ಕ್ಷೇತ್ರದಲ್ಲಿ ದುಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಪ್ರಾಧ್ಯಾಪಕರೊಬ್ಬರು: ಸಮೀಕರಣಗಳು ಸಿದ್ಧವಾಗಿವೆ, ಪರಿಹಾರಗಳು ಸಿದ್ಧವಾಗಿಲ್ಲ. ಸೊಮರ್‌ಫೆಲ್ಡ್ 1896ರಲ್ಲಿ ಅರ್ಧ ಸಮತಲದ ಅಂಚಿನಲ್ಲಿ ತರಂಗ ಬಾಗುವ ವಿವರ್ತನೆಗೂ, ಮೀ 1908ರಲ್ಲಿ ಗೋಳಕ್ಕೆ ತಾಗಿದ ತರಂಗದ ಚದುರುವಿಕೆಗೂ ನಿಖರ ಪರಿಹಾರ ಕೊಟ್ಟರು. ಅಂಥ ಅದೃಷ್ಟಶಾಲಿ ಆಕಾರಗಳು ಬೆರಳೆಣಿಕೆಯಷ್ಟು. ಉಳಿದದ್ದಕ್ಕೆಲ್ಲ ತರಂಗವನ್ನು ಕಿರಣಗಳಂತೆ ಲೆಕ್ಕ ಹಾಕುವ ಕೆಲ್ಲರ್ ಅವರ ವಿಧಾನದಂಥ ಅಂದಾಜುಗಳು, ಇಲ್ಲವೇ ಯೀ 1966ರಲ್ಲಿ ಸೂಚಿಸಿದ, ಜಾಗವನ್ನು ಸಣ್ಣ ಕೋಶಗಳ ಜಾಲವಾಗಿ ವಿಭಜಿಸುವಂಥ ಗಣನ ಕ್ರಮಗಳು ಬೇಕು. ನನ್ನ ವೃತ್ತಿಜೀವನದ ಬಹುಪಾಲು ಕಳೆದದ್ದು ಉತ್ತರ ಪಡೆಯುವುದರಲ್ಲಲ್ಲ, ಬಂದ ಉತ್ತರವನ್ನು ನಂಬಬಹುದೇ ಎಂದು ಪರೀಕ್ಷಿಸುವುದರಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬರು ಲೋಹದ ಗೋಳದ ಮೇಲ್ಮೈಯಲ್ಲಿ ಹರಿಯುವ ವಿದ್ಯುತ್ಪ್ರವಾಹವನ್ನು ವಿದ್ಯುತ್ ಕ್ಷೇತ್ರದ ಅನುಕಲ ಸಮೀಕರಣದಿಂದ ಲೆಕ್ಕ ಹಾಕಿ, ಮೀ ಅವರ ನಿಖರ ಪರಿಹಾರವಾದ ಶ್ರೇಣಿಯೊಂದಿಗೆ ಹೋಲಿಸುತ್ತಿದ್ದರು. ಬಹುತೇಕ ಎಲ್ಲ ಆವೃತ್ತಿಗಳಲ್ಲೂ ಎರಡೂ ಹೊಂದುತ್ತಿದ್ದವು. ಸುತ್ತಳತೆಯು ತರಂಗದೂರದ ಸುಮಾರು 2.74 ಪಟ್ಟಾಗುವಲ್ಲಿ ಮಾತ್ರ ಚೂಪಾದ ಶಿಖರವೊಂದು ಏಳುತ್ತಿತ್ತು. ಲೆಕ್ಕಕ್ಕಾಗಿ ಮೇಲ್ಮೈಯನ್ನು ವಿಭಜಿಸಿದ ತುಣುಕುಗಳನ್ನು ಎಷ್ಟು ಸಣ್ಣದು ಮಾಡಿದರೂ ಅದು ಅಳಿಯಲಿಲ್ಲ. ಅದೇ ಗೋಳವನ್ನು ಟೊಳ್ಳು ಕುಹರವೆಂದು ಭಾವಿಸಿದರೆ ಅದು ಅನುರಣಿಸುವ ಆವೃತ್ತಿ ಅದು. ಹೊರಗಿನ ಸಮಸ್ಯೆಗೆಂದು ಬರೆದ ಸಮೀಕರಣಕ್ಕೆ ಅಲ್ಲಿ ಒಳಗಿನ ಅನುರಣನೆಯನ್ನು ಪ್ರತ್ಯೇಕಿಸುವ ಶಕ್ತಿಯಿಲ್ಲ. ಕಾಂತಕ್ಷೇತ್ರದ ಸಮೀಕರಣವನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿದ ಮೇಲೆ ಶಿಖರ ಮಾಯವಾಯಿತು. ಈ ಪರಿಹಾರ ಹಳೆಯ ಪ್ರಬಂಧಗಳಲ್ಲೇ ಇತ್ತು, ಆದರೆ ತೊಂದರೆಯನ್ನು ಕಣ್ಣಾರೆ ಕಂಡ ಮೇಲೆಯೇ ಅವರು ಆ ಪ್ರಬಂಧಗಳನ್ನು ನಿಜವಾಗಿ ಓದಿದರು. ಆದ್ದರಿಂದ ಪಿಎಚ್‌ಡಿಗೆ ಸಮಸ್ಯೆ ಆರಿಸುವಾಗ, ಒಂದು ತುದಿಯಲ್ಲಾದರೂ ನಿಖರ ಪರಿಹಾರಕ್ಕೆ ತಾಗುವಂಥದ್ದನ್ನು ಹುಡುಕಿಕೊಳ್ಳಿ.

ಭೌತಶಾಸ್ತ್ರದಿಂದ ಎಂಜಿನಿಯರಿಂಗ್ ವಿಭಾಗಕ್ಕೆ ಬಂದ ಸಹ ಪ್ರಾಧ್ಯಾಪಕರು: ಹುದ್ದೆಯ ಜಾಹೀರಾತುಗಳಲ್ಲಿ 'ತರಂಗ ಸಿದ್ಧಾಂತ' ಎಂಬ ಹೆಸರು ಅಪರೂಪ. ಎಂಜಿನಿಯರಿಂಗ್ ವಿಭಾಗಗಳು ಆಂಟೆನಾ, ಮೈಕ್ರೋವೇವ್, ರಾಡಾರ್ ಎನ್ನುತ್ತವೆ. ಭೌತಶಾಸ್ತ್ರ ವಿಭಾಗಗಳು ಫೋಟಾನಿಕ್ಸ್ (ಬೆಳಕಿನ ತಂತ್ರಜ್ಞಾನ), ಮೆಟಾಮೆಟೀರಿಯಲ್ (ಕೃತಕ ರಚನೆಯ ವಸ್ತು) ಎನ್ನುತ್ತವೆ. ಒಂದು ಅನ್ವಯವನ್ನಾದರೂ ಜೊತೆಗಿಟ್ಟುಕೊಳ್ಳದೆ ಸಂದರ್ಶನದವರೆಗೆ ಹೋಗುವುದು ಕಷ್ಟ. ಕೆಲವೆಡೆ ಎಂಜಿನಿಯರಿಂಗ್ ವಿಭಾಗದ ನೇಮಕಾತಿಗೆ ಅದೇ ಶಾಖೆಯ ಪದವಿ ಕಡ್ಡಾಯವಾಗಿರುವುದರಿಂದ, ಪಿಎಚ್‌ಡಿ ಯಾವ ವಿಭಾಗದಲ್ಲಿ ನೋಂದಾಯಿಸಬೇಕೆಂಬುದನ್ನು ಮೊದಲೇ ವಿಚಾರಿಸಿ.

ಸಣ್ಣದೆಂದು ತೋರಿದರೂ ಕಾಡುವ ವಿಷಯ ಇನ್ನೊಂದಿದೆ. ತರಂಗವು ಕಾಲದೊಂದಿಗೆ ಬದಲಾಗುವುದನ್ನು ಭೌತವಿಜ್ಞಾನಿಗಳು ಸಾಮಾನ್ಯವಾಗಿ ಋಣ ಘಾತದಲ್ಲಿಯೂ ಎಂಜಿನಿಯರುಗಳು ಧನ ಘಾತದಲ್ಲಿಯೂ ಬರೆಯುತ್ತಾರೆ. ಇದನ್ನು ಗಮನಿಸದೆ ಒಬ್ಬರ ಸೂತ್ರಕ್ಕೆ ಇನ್ನೊಬ್ಬರ ದತ್ತಾಂಶ ಹಾಕಿದರೆ, ಶಕ್ತಿಯನ್ನು ಹೀರಬೇಕಾದ ವಸ್ತು ಕಾಗದದ ಮೇಲೆ ಶಕ್ತಿಯನ್ನು ಹೆಚ್ಚಿಸತೊಡಗುತ್ತದೆ.

ಇನ್ನೊಬ್ಬ ಪ್ರಾಧ್ಯಾಪಕರು: ನಿಖರ ಪರಿಹಾರಕ್ಕೆ ತಾಗುವ ಸಮಸ್ಯೆಯನ್ನೇ ಹುಡುಕಿ ಎಂಬ ನಿವೃತ್ತ ಹಿರಿಯರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಭೌತವಿಜ್ಞಾನಿ ವೆಸೆಲಾಗೊ ಅವರು ಋಣ ವಕ್ರೀಭವನದ (ಬೆಳಕು ಎಂದಿನದಕ್ಕೆ ವಿರುದ್ಧ ಬದಿಗೆ ಬಾಗುವುದರ) ಬಗ್ಗೆ 1960ರ ದಶಕದಲ್ಲಿ ಬರೆದಾಗ ಅದನ್ನು ತೋರಿಸಬಲ್ಲ ವಸ್ತುವೇ ಇರಲಿಲ್ಲ. 2000ದ ಆಸುಪಾಸಿನಲ್ಲಿ ಕೃತಕ ರಚನೆಗಳು ಬಂದ ಮೇಲೆ ಆ ಪ್ರಬಂಧಕ್ಕೆ ಓದುಗರು ಮುಗಿಬಿದ್ದರು. ಆದರೂ ಅನುದಾನದ ಅವಧಿ ಕೆಲವೇ ವರ್ಷಗಳದ್ದಾದ್ದರಿಂದ, ಅಂಥ ಸಾಹಸವನ್ನು ಕಾಯಂ ಹುದ್ದೆ ಸಿಕ್ಕ ಮೇಲೆ ಮಾಡುವುದು ಜಾಣತನ. ಮಾರ್ಗದರ್ಶಕರನ್ನು ಆರಿಸುವ ಮೊದಲು ಅವರ ಹಿಂದಿನ ವಿದ್ಯಾರ್ಥಿಗಳನ್ನು ಭೇಟಿ ಮಾಡಿ, ಪ್ರಬಂಧದ ಕರಡು ಮಾರ್ಗದರ್ಶಕರ ಮೇಜಿನಿಂದ ಎಷ್ಟು ದಿನಕ್ಕೆ ಹಿಂತಿರುಗುತ್ತಿತ್ತೆಂದು ಕೇಳಿ.