ಕಾಕಾಗೆ ಹಾರ್ಟ್ ಅಟ್ಯಾಕ್: ತಾಲೂಕು ದವಾಖಾನೆಯಲ್ಲಿ ಸೂಜಿ ಕೊಟ್ಟಿದ್ದು ಸರಿಯಾ?

ಪ್ರಶ್ನೆ (ಶಿಕ್ಷಕರು, ಜಮಖಂಡಿ ತಾಲೂಕು): ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ. ನಮ್ಮ ಕಾಕಾಗೆ 52 ವಯಸ್ಸು. ಬೀಡಿ, ಸಿಗರೇಟು ಮುಟ್ಟಿದವರಲ್ಲ, ಕುಡಿತ ಇಲ್ಲವೇ ಇಲ್ಲ. ದಿನಾ ಹೊಲಕ್ಕೆ ನಡೆದೇ ಹೋಗುತ್ತಾರೆ, ಊಟ ಜೋಳದ ರೊಟ್ಟಿ. ಹೋದ ವಾರ ರಾತ್ರಿ 2 ಗಂಟೆಗೆ ಎದೆ ಹಿಂಡಿದ ಹಾಗಾಗಿ ಮೈಯೆಲ್ಲ ಬೆವರಿತು. ಗ್ಯಾಸ್ ಇರಬೇಕು ಅಂತ ಇಂಗಿನ ನೀರು, ಸೋಡಾ ಕುಡಿಸಿದೆವು. ಬೆಳಗ್ಗೆ ತಾಲೂಕು ದವಾಖಾನೆಗೆ ಒಯ್ದಾಗ ಇಸಿಜಿ ತೆಗೆದು ಹಾರ್ಟ್ ಅಟ್ಯಾಕ್ ಅಂದರು. ಅಲ್ಲೇ ಒಂದು ಸೂಜಿ ಕೊಟ್ಟು ದೊಡ್ಡ ದವಾಖಾನೆಗೆ ಕಳಿಸಿದರು. ಮರುದಿನ ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದರು. ಈಗ ನಮ್ಮ ಬೀಗರೊಬ್ಬರು, "ಸೂಜಿ ಅಂತ ಹೊತ್ತು ಕಳೆದರು, ನೇರ ಮಹಾರಾಷ್ಟ್ರದ ಮಿರಜ್‌ನ ದವಾಖಾನೆಗೆ ಹೋಗಿದ್ದರೆ ಹಾರ್ಟ್ ಉಳಿಯುತ್ತಿತ್ತು" ಅಂತ ಎಲ್ಲರ ತಲೆ ಕೆಡಿಸಿದ್ದಾರೆ. ಹೌದಾ? ಯಾವ ಚಟವೂ ಇಲ್ಲದವರಿಗೆ ಇದು ಬಂದದ್ದಾದರೂ ಹೇಗೆ? ಭಾರತದವರಿಗೆ ಹತ್ತು ವರ್ಷ ಮೊದಲೇ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಓದಿದೆ. ಡಿಸ್ಚಾರ್ಜ್ ಕಾಗದದ ಫೋಟೊ ಹಾಕಿದ್ದೇನೆ.

ಉತ್ತರ (ಹೃದ್ರೋಗ ವೈದ್ಯರು, ಬಾಗಲಕೋಟೆ): ಸರ್, ಮೊದಲು ಆ ಫೋಟೊ ಅಳಿಸಿ, ಹೆಸರು, ಫೋನ್ ನಂಬರ್ ಎಲ್ಲ ಕಾಣುತ್ತಿದೆ. ನನಗೆ ಬೇಕಾದ್ದನ್ನು ಓದಿಕೊಂಡೆ.

ಕಾಗದದಲ್ಲಿ ಹೀಗಿದೆ: ನೋವು ಶುರು ರಾತ್ರಿ 2. ಮೊದಲ ಇಸಿಜಿ ಬೆಳಗ್ಗೆ 8.20. ಟೆನೆಕ್ಟೆಪ್ಲೇಸ್ ಸೂಜಿ 8.45. ಅಂದರೆ ಇಸಿಜಿ ಆಗಿ 25 ನಿಮಿಷಕ್ಕೆ ರಕ್ತದ ಗಡ್ಡೆ ಕರಗಿಸುವ ಔಷಧಿ ಒಳಗೆ ಹೋಗಿದೆ. ರೋಗಿ ಬಂದ ಅರ್ಧ ತಾಸಿನೊಳಗೆ ಕೊಡಬೇಕು ಅನ್ನುವುದು ನಮ್ಮ ಲೆಕ್ಕ. ಆ ದವಾಖಾನೆಯವರು ಚೆನ್ನಾಗಿಯೇ ಮಾಡಿದ್ದಾರೆ. ಹೊತ್ತು ಕಳೆದದ್ದು ಅದಕ್ಕೂ ಮೊದಲು, ಮನೆಯಲ್ಲಿ. ಆರು ತಾಸಿಗೂ ಜಾಸ್ತಿ.

ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ದೇಶದ ತುಂಬ ಇದೇ ಕಥೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರ ಮುಂದಾಳತ್ವದಲ್ಲಿ ಕ್ರಿಯೇಟ್ ಅನ್ನುವ ದೊಡ್ಡ ಅಧ್ಯಯನ ನಡೆದಿತ್ತು. 89 ಆಸ್ಪತ್ರೆಗಳ 20,468 ರೋಗಿಗಳ ಲೆಕ್ಕ, 2008ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಅರ್ಧದಷ್ಟು ಜನರಿಗೆ 360 ನಿಮಿಷ, ಅಂದರೆ ಆರು ತಾಸು, ಇಲ್ಲವೇ ಅದಕ್ಕೂ ಜಾಸ್ತಿ ಹಿಡಿದಿತ್ತು. ಮುಟ್ಟಿದ ಮೇಲೆ ಸೂಜಿ ಸಿಗಲು 50 ನಿಮಿಷ. ನಿಮ್ಮ ಕಾಕಾನ ಕಾಗದ ಪಕ್ಕಕ್ಕಿಟ್ಟು ನೋಡಿ.

ಇನ್ನು ಮಿರಜ್ ವಿಷಯ. ನಿಮ್ಮಿಂದ ಅಲ್ಲಿಗೆ ಹತ್ತಿರ ಹತ್ತಿರ ಎರಡು ತಾಸಿನ ದಾರಿ, ಅಲ್ವಾ? ಅಲ್ಲಿ ಕ್ಯಾಥ್‌ಲ್ಯಾಬ್, ಅಂದರೆ ಹೃದಯದ ರಕ್ತನಾಳ ತೆರೆಯುವ ಕೋಣೆಯ ತಂಡ ಸೇರಿ, ಬಲೂನು ಹಾಕಿ ಮುಚ್ಚಿದ ನಾಳ ಬಿಡಿಸುವಷ್ಟರಲ್ಲಿ ಇನ್ನೊಂದು ತಾಸು. ಎರಡು ತಾಸಿನೊಳಗೆ ಬಲೂನು ಆಗುವ ಹಾಗಿದ್ದರೆ ನೇರ ಹೋಗುವುದೇ ಒಳ್ಳೆಯದು. ಆಗದಿದ್ದರೆ ಸೂಜಿ ಮೊದಲು, ಪ್ರಯಾಣ ಆಮೇಲೆ. 2013ರ ಸ್ಟ್ರೀಮ್ ಅಧ್ಯಯನದಲ್ಲಿ ನೋವು ಶುರುವಾಗಿ ಮೂರು ತಾಸಿನೊಳಗೆ ಬಂದ, ಆದರೆ ಒಂದು ತಾಸಿನಲ್ಲಿ ಬಲೂನು ಸಿಗದ 1,892 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಸೂಜಿ ಕೊಟ್ಟು ಆಮೇಲೆ ಆಂಜಿಯೋಗ್ರಾಂ, ಇನ್ನೊಂದಕ್ಕೆ ನೇರ ಬಲೂನು. ತಿಂಗಳಲ್ಲಿ ಸಾವು, ಶಾಕ್ (ಬಿಪಿ ತೀರಾ ಕುಸಿಯುವುದು), ಹಾರ್ಟ್ ಫೇಲ್ಯೂರ್, ಮತ್ತೆ ಅಟ್ಯಾಕ್ ಇವೆಲ್ಲ ಸೇರಿ ಸೂಜಿಯ ಗುಂಪಿನಲ್ಲಿ ನೂರಕ್ಕೆ 12.4, ಬಲೂನಿನ ಗುಂಪಿನಲ್ಲಿ 14.3. ಹೆಚ್ಚುಕಡಿಮೆ ಸಮ ಅನ್ನಿ. ಸೂಜಿಗೆ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ: ಸುಮಾರು ನೂರರಲ್ಲಿ ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. ಅದಕ್ಕೇ ಕೊಡುವ ಮೊದಲು ಹತ್ತು ಪ್ರಶ್ನೆ ಕೇಳುವುದು.

ಚಟದ ಬಗ್ಗೆ ಒಂದು ಮಾತು ಕೇಳಲೇ? ಬೀಡಿ ಇಲ್ಲ ಸರಿ, ಬಾಯಿಗೆ ಏನೂ ಇಲ್ಲವಾ?

ಶಿಕ್ಷಕರು: ಎಲೆ-ಅಡಿಕೆ-ತಂಬಾಕು ಹಾಕುತ್ತಾರೆ ಸರ್. ಅದು ನಮ್ಮಲ್ಲಿ ಎಲ್ಲರೂ ಹಾಕುವುದೇ, ಲೆಕ್ಕಕ್ಕೆ ಹಿಡಿದಿರಲಿಲ್ಲ.

ಉತ್ತರ: ಓಪಿಡಿಯಲ್ಲಿ ದಿನಾ ಕೇಳುವ ಮಾತು ಇದು. ಶರ್ಟಿನ ಜೇಬಿನಲ್ಲಿ ಸುಣ್ಣದ ಡಬ್ಬಿ ಕಾಣುತ್ತಿರುತ್ತದೆ, ಬಾಯಲ್ಲಿ "ಯಾವ ಚಟಾನೂ ಇಲ್ಲರೀ".

52 ದೇಶಗಳಲ್ಲಿ ಇಂಟರ್‌ಹಾರ್ಟ್ ಅಂತ ಅಧ್ಯಯನ ಮಾಡಿದರು, 2004ರಲ್ಲಿ ಬಂತು. ಮೊದಲ ಸಲ ಅಟ್ಯಾಕ್ ಆದ ಸುಮಾರು 15 ಸಾವಿರ ಜನರನ್ನು, ಅದೇ ವಯಸ್ಸಿನ ಆರೋಗ್ಯವಂತರ ಜೊತೆ ಹೋಲಿಸಿದರು. ತಂಬಾಕು, ಬಿಪಿ, ಶುಗರ್, ಕೊಬ್ಬು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಮೈ ಬಗ್ಗಿಸದಿರುವುದು, ಕಾಯಿಪಲ್ಲೆ-ಹಣ್ಣು ಕಡಿಮೆ ತಿನ್ನುವುದು, ಇವೇ ಬಹುಪಾಲು ಅಟ್ಯಾಕ್‌ಗಳ ಹಿಂದೆ ಇದ್ದವು. 2006ರಲ್ಲಿ ಅದೇ ತಂಡ ಜಗಿಯುವ ತಂಬಾಕನ್ನು ಬೇರೆಯಾಗಿ ನೋಡಿತು. ಸೇದದೆ ಬರೀ ಜಗಿಯುವವರಿಗೂ ಅಪಾಯ ಎರಡು ಪಟ್ಟಿಗೂ ಸ್ವಲ್ಪ ಮೇಲೆ. ಸೇದುವುದು, ಜಗಿಯುವುದು ಎರಡೂ ಇದ್ದರೆ ನಾಲ್ಕು ಪಟ್ಟು. ಗುಟ್ಕಾ, ಮಾವಾ ಹಾಕುವ ನಮ್ಮ ಹುಡುಗರೂ ಇದೇ ಸಾಲಿನವರು.

ಹತ್ತು ವರ್ಷ ಅನ್ನುವುದು ಸ್ವಲ್ಪ ಉಬ್ಬಿಸಿದ ಮಾತು. ಆ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಆದ ಸರಾಸರಿ ವಯಸ್ಸು 53, ಬೇರೆಯವರಿಗೆ ಸುಮಾರು 59. ಆರು ವರ್ಷ ಅಂತರ. ನಾವು ಹುಟ್ಟಿದ್ದೇ ಹೀಗೆ ಅಂತ ಕೈಚೆಲ್ಲುವ ಹಾಗೂ ಇಲ್ಲ. ಶುಗರ್, ಕೊಬ್ಬು, ತಂಬಾಕು ನಮ್ಮವರಿಗೆ ಚಿಕ್ಕ ವಯಸ್ಸಿನಲ್ಲೇ ಗಂಟು ಬೀಳುತ್ತವೆ. ಆ ಅಂತರಕ್ಕೆ ಬಹುಪಾಲು ಕಾರಣ ಅದೇ.

ಇನ್ನೊಬ್ಬರು (ಮುಧೋಳ): ಸರ್, ದುಡ್ಡಿದ್ದವರು ಬದುಕುತ್ತಾರೆ, ಬಡವರು ಸಾಯುತ್ತಾರೆ. ಸಂಶೋಧನೆ ಓದಿ ನಮಗೇನು ಸಿಗುತ್ತದೆ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಮತ್ತೆ ಅದನ್ನು ಅಳೆದು ತೋರಿಸಿದ್ದೂ ಸಂಶೋಧನೆಯೇ. ಕ್ರಿಯೇಟ್‌ನಲ್ಲಿ ತಿಂಗಳೊಳಗೆ ತೀರಿಕೊಂಡವರು ಬಡವರಲ್ಲಿ ನೂರಕ್ಕೆ 8.2, ಶ್ರೀಮಂತರಲ್ಲಿ 5.5. ಆದರೆ ಯಾರಿಗೆ ಯಾವ ಔಷಧಿ, ಯಾವ ಚಿಕಿತ್ಸೆ ಸಿಕ್ಕಿತ್ತು ಅನ್ನುವುದನ್ನು ಲೆಕ್ಕಕ್ಕೆ ಸೇರಿಸಿದಾಗ ಆ ವ್ಯತ್ಯಾಸ ಅಳಿಸಿಹೋಯಿತು. ಬಡವರ ಹೃದಯ ಬೇರೆ ತರಹದ್ದಲ್ಲ ರೀ, ಅವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ, ಅಷ್ಟೇ. ನನ್ನ ಮಟ್ಟಿಗೆ ಆ ಇಡೀ ವರದಿಯಲ್ಲಿ ಇದೇ ದೊಡ್ಡ ಮಾತು. 2023ರಲ್ಲಿ ರಾಜ್ಯ ಸರಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ಅದರಲ್ಲಿ ಸೇರಿದ ತಾಲೂಕು ಆಸ್ಪತ್ರೆಗಳಲ್ಲಿ ಇದೇ ಟೆನೆಕ್ಟೆಪ್ಲೇಸ್ ಉಚಿತ. ಹೊರಗೆ ಕೊಂಡರೆ ಸಾವಿರಾರು ರೂಪಾಯಿ. ನಿಮ್ಮ ತಾಲೂಕಿನಲ್ಲಿ ಇದೆಯೋ ಇಲ್ಲವೋ ಅಂತ ಇವತ್ತೇ ಹೋಗಿ ಕೇಳಿಟ್ಟುಕೊಳ್ಳಿ. ರಾತ್ರಿ 2 ಗಂಟೆಗೆ ಕೇಳುತ್ತ ಕೂರಲು ಆಗುವುದಿಲ್ಲ.

ಶಿಕ್ಷಕರು: ಈಗ ಸ್ಟೆಂಟ್ ಹಾಕಿದ್ದಾರಲ್ಲ, ಗುಳಿಗೆ ಎಷ್ಟು ದಿನ ಸರ್? ಕಾಕಾ ಈಗಲೇ ಬೇಸತ್ತಿದ್ದಾರೆ.

ಉತ್ತರ: ರಕ್ತ ತೆಳು ಮಾಡುವ ಎರಡು ಗುಳಿಗೆ ಸಾಮಾನ್ಯವಾಗಿ ಒಂದು ವರ್ಷ, ಆಮೇಲೆ ಒಂದು ಮುಂದುವರಿಯುತ್ತದೆ. ನಡುವೆ ಬಿಟ್ಟರೆ ಸ್ಟೆಂಟ್ ಒಳಗೇ ಗಡ್ಡೆ ಕಟ್ಟಬಹುದು. ಹಲ್ಲು ಕೀಳಿಸಲು ಹೋದರೂ ನಮ್ಮನ್ನು ಕೇಳದೆ ನಿಲ್ಲಿಸಬೇಡಿ. ಕೊಬ್ಬಿನ ಗುಳಿಗೆ ಜೀವನಪೂರ್ತಿ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಪಂಪಿಂಗ್ ನೂರಕ್ಕೆ 40 ಅಂತ ಬರೆದಿದ್ದಾರೆ, 55ರ ಮೇಲೆ ಇರಬೇಕಿತ್ತು. ಉಳಿದ ಗುಳಿಗೆ ಅದಕ್ಕಾಗಿ. ಆರು ವಾರಕ್ಕೆ ಮತ್ತೆ ಎಕೋ ಮಾಡಿಸಿ. ತಂಬಾಕಿನ ಚೀಲ ಇವತ್ತೇ ಎಸೆಯಿರಿ, ಕಾಕಾ ಬೈದರೆ ಬೈಯಲಿ.

ಒಬ್ಬ ತಾಯಿ (ಇಂಡಿ): ಡಾಕ್ಟ್ರೇ, ನಮ್ಮ ಮನೆಯವರಿಗೆ ಶುಗರ್ ಇದೆ. ಆಸ್ಪಿರಿನ್ ಮನೆಯಲ್ಲಿ ಇಟ್ಟಿರಬೇಕಾ? ಈಗಿನಿಂದಲೇ ದಿನಾ ಒಂದು ಕೊಡಲೇ?

ಉತ್ತರ: ದಿನಾ ಕೊಡಬೇಡಿ ಅಕ್ಕಾ. ಅಟ್ಯಾಕ್ ಆಗದವರಿಗೆ ಅದು ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು. ಕೊಡಬೇಕೋ ಬೇಡವೋ ಅಂತ ನಿಮ್ಮ ಡಾಕ್ಟರು ನೋಡಿ ಹೇಳಲಿ. ಮನೆಯಲ್ಲಿ ಇಡಬಹುದು. 1988ರಲ್ಲಿ ಫಲಿತಾಂಶ ಬಂದ, ಹಾರ್ಟ್ ಅಟ್ಯಾಕ್ ಶಂಕೆಯಿದ್ದ 17,187 ರೋಗಿಗಳ ಮೇಲೆ ನಡೆದ ಐಸಿಸ್-2 ಪ್ರಯೋಗದಲ್ಲಿ ಆಸ್ಪಿರಿನ್ನೂ ಇಲ್ಲ, ಗಡ್ಡೆ ಕರಗಿಸುವ ಔಷಧಿಯೂ ಇಲ್ಲ ಅಂದಾಗ ಐದು ವಾರದಲ್ಲಿ ನೂರಕ್ಕೆ ಸುಮಾರು 13 ಜನ ತೀರಿಕೊಂಡರು. ಎರಡೂ ಕೊಟ್ಟವರಲ್ಲಿ 8.

ಎದೆ ಹಿಂಡಿ, ಬೆವರು ಬಂದು, ಎಡಗೈಗೋ ದವಡೆಗೋ ನೋವು ಹರಿದರೆ ಮೊದಲು 108ಕ್ಕೆ ಫೋನ್ ಮಾಡಿ. ಶುಗರ್ ಇದ್ದವರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಆಗಿಯೂ ಬರಬಹುದು. ಹುಣ್ಣು, ರಕ್ತಸ್ರಾವ, ಆಸ್ಪಿರಿನ್ ಅಲರ್ಜಿ ಏನೂ ಇಲ್ಲದಿದ್ದರೆ 300 ಮಿಲಿಗ್ರಾಂ ಅಗಿದು ನುಂಗಲಿ. ಮಾತು ತೊದಲಿದರೆ, ಕೈಕಾಲು ಸೋತರೆ ಕೊಡಲೇಬೇಡಿ, ಅದು ಪಾರ್ಶ್ವವಾಯು ಇರಬಹುದು. ಗುಳಿಗೆ ಕೊಟ್ಟು ನೋವು ಕಡಿಮೆಯಾಗುತ್ತದಾ ನೋಡೋಣ ಅಂತ ಕೂರಬೇಡಿ, ಇಸಿಜಿ ಇರುವ ಹತ್ತಿರದ ದವಾಖಾನೆಗೆ ನಡೆಯಿರಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಮಾತ್ರ ಬೇಡ.