ಮಳೆಗಾಲದ ತೋಟದ ದಾರಿಗೆ ಯಾವ ಜೀಪ್? ಬಳಸಿದವರು ಹೇಳಿದ್ದು

ಕೇಳಿದ್ದು:

ಕೆಲಸ ಬೆಂಗಳೂರಲ್ಲಿ. ಸಕಲೇಶಪುರದ ಹೆತ್ತೂರು ಕಡೆ ಅಜ್ಜನ ಕಾಫಿ ತೋಟ ಇದೆ. ಇನ್ನು ಮೇಲೆ ಅದನ್ನು ನಾನೇ ನೋಡಿಕೊಳ್ಳಬೇಕು. ಟಾರು ಮುಗಿದ ಮೇಲೆ ಮೂರು ಕಿಲೋಮೀಟರ್ ಮಣ್ಣು ದಾರಿ, ನಡುವೆ ಒಂದು ಹಳ್ಳ, ಕೊನೆಗೆ ಕಡಿದಾದ ಏರು. ಜುಲೈನಲ್ಲಿ ಕಾರು ಟಾರು ರಸ್ತೆಯಲ್ಲೇ ನಿಲ್ಲಿಸಿ ನಡೆಯಬೇಕು. ಅಜ್ಜನ ಹತ್ತಿರ ಶಿಕಾರಿಗೆ ಅಂತಲೇ ಒಂದು ವಿಲ್ಲೀಸ್ ಜೀಪ್ ಇತ್ತಂತೆ. ಎಲ್ಲಿ ಬೇಕಾದರೂ ಹತ್ತುತ್ತಿತ್ತು ಅಂತ ಈಗಲೂ ಊರಲ್ಲಿ ಹೇಳುತ್ತಾರೆ. ನನಗೂ ಅಂಥದ್ದೇ ಬೇಕು. ಥಾರ್, ಜಿಮ್ನಿ, ಗೂರ್ಖಾ, ಇಲ್ಲಾ ಹಳೇ ಜಿಪ್ಸಿ? ಮನೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು, ಮಂಡಿ ನೋವಿರುವ ಅಮ್ಮ.

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು:

ಶಿಕಾರಿ ವಿಷಯ ಮೊದಲು ಮುಗಿಸಿಬಿಡೋಣ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಆ ಕಾಲ ಮುಗಿಯಿತು. ಹಂದಿ ತೋಟಕ್ಕೆ ನುಗ್ಗಿದರೂ ನಾವಾಗಿ ಕೋವಿ ಎತ್ತುವಂತಿಲ್ಲ. ಗಾಡಿ ಮೇಲೆ ದೊಡ್ಡ ದೀಪ ಕೂರಿಸಿಕೊಂಡು ರಾತ್ರಿ ಕಾಡಂಚಲ್ಲಿ ಸುತ್ತಿದರೆ ಚೆಕ್‌ಪೋಸ್ಟಿನವರು ಬಿಡುವುದೂ ಇಲ್ಲ. ಬಿಡಬಾರದು ಕೂಡ.

ಆದರೆ ಆ ಜೀಪ್ ಯಾಕೆ ಹತ್ತುತ್ತಿತ್ತು ಅನ್ನೋದು ನಿಮಗೆ ಗೊತ್ತಿರಬೇಕು. ಅದಕ್ಕೆ ದೊಡ್ಡ ಎಂಜಿನ್ ಇರಲಿಲ್ಲ. 60ರಿಂದ 75 ಹಾರ್ಸ್‌ಪವರ್ ಅಷ್ಟೇ. ಗಾಡಿ ಹಗುರ, ಟನ್ನಿನ ಆಸುಪಾಸು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬರೀ 80 ಇಂಚು. ಹಾಗಾಗಿ ದಿಬ್ಬದ ನೆತ್ತಿಗೆ ಹೊಟ್ಟೆ ತಾಗಿಸಿಕೊಂಡು ಕೂರುತ್ತಿರಲಿಲ್ಲ. 6.00-16ರ ಸಪೂರ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತಿತ್ತು. ಮತ್ತೆ ಲೋ ಗೇರ್, ಅಂದರೆ ಎಲ್ಲಾ ಗೇರ್‌ಗಳನ್ನೂ ಇನ್ನಷ್ಟು ನಿಧಾನ ಮಾಡಿ ಚಕ್ರಕ್ಕೆ ಬಲ ಹೆಚ್ಚಿಸುವ ಎರಡನೇ ಲಿವರ್. ಈಗ ಗಾಡಿ ನೋಡುವಾಗಲೂ ಇದೇ ಕ್ರಮದಲ್ಲಿ ನೋಡಿ. ಹಾರ್ಸ್‌ಪವರ್ ಕೊನೆಗೆ.

ಲೋ ಗೇರ್ ಅಂದರೆ ಏರಿಗೆ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಕೇಳಿದರೆ ಅದು ಇಳಿಯೋದಕ್ಕೆ. ಮಳೆಯಲ್ಲಿ ನೆನೆದ ಕೆಮ್ಮಣ್ಣಿನ ಇಳಿಜಾರಲ್ಲಿ ಬ್ರೇಕ್ ಒತ್ತಿದಿರೋ, ಚಕ್ರ ಹಿಡಿದುಕೊಂಡು ಗಾಡಿ ಜಾರುತ್ತದೆ. ಒಂದು ಕಡೆ ದರೆ, ಇನ್ನೊಂದು ಕಡೆ ಕೊರಕಲು. ಲೋ ಹಾಕಿ, ಒಂದನೇ ಗೇರಲ್ಲಿ, ಕ್ಲಚ್‌ನಿಂದಲೂ ಬ್ರೇಕ್‌ನಿಂದಲೂ ಕಾಲು ತೆಗೆದುಬಿಡಿ. ಎಂಜಿನ್ನೇ ಹಿಡಿದು ಇಳಿಸುತ್ತದೆ. ಹಾಗಾಗಿ ಆಲ್ ವೀಲ್ ಡ್ರೈವ್ ಅಂತ ಬರೆದುಕೊಂಡ, ಆದರೆ ಲೋ ಗೇರ್ ಇಲ್ಲದ ಎಸ್‌ಯುವಿಗಳನ್ನು ನಿಮ್ಮ ಪಟ್ಟಿಯಿಂದ ಈಗಲೇ ಹೊಡೆದುಹಾಕಿ. ಒದ್ದೆ ಟಾರಿಗೆ ಅವು ಒಳ್ಳೆಯವು. ಹೆತ್ತೂರಿನ ಏರಿಗೆ ಬೇರೆ ಲೆಕ್ಕ.

ಇನ್ನೊಂದು ಮಾತು. ಥಾರ್ ಅಂದ ಕೂಡಲೇ ಫೋರ್ ವೀಲ್ ಅಲ್ಲ. 2023ರ ಜನವರಿಯಿಂದ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಕೊಡುವ ಥಾರ್ ಕೂಡ ಬಂದಿದೆ. ಕಡಿಮೆ ಬೆಲೆ, ಅದೇ ಮುಖ. ಸೆಕೆಂಡ್ ಹ್ಯಾಂಡ್ ನೋಡುವಾಗ ಗೇರ್ ಲಿವರ್ ಪಕ್ಕ ಇನ್ನೊಂದು ಲಿವರ್ ಇದೆಯಾ ಅಂತ ಮೊದಲು ನೋಡಿ.

ಸೋಮವಾರಪೇಟೆಯಿಂದ:

ಜಿಮ್ನಿ ತಗೊಳ್ಳಿ. ಸುಮ್ನೆ ಹೇಳುತ್ತಿಲ್ಲ, ನಮ್ಮ ಮನೆಯಲ್ಲೇ ಇದೆ. ತೂಕ ಹೆಚ್ಚುಕಮ್ಮಿ 1,200 ಕಿಲೋ. ಥಾರ್ ಅದಕ್ಕಿಂತ ಅರ್ಧ ಟನ್ ಜಾಸ್ತಿ. ಕೆಸರಲ್ಲಿ ಆ ಅರ್ಧ ಟನ್ ಗೊತ್ತಾಗುತ್ತದೆ. ಹುಗಿದರೂ ತೋಟದ ಆಳುಗಳು ನಾಲ್ಕು ಜನ ಸೇರಿದರೆ ತಳ್ಳಿ ಎತ್ತಬಹುದು. ಎಲ್ಲಾ ಮಾದರಿಯಲ್ಲೂ ಫೋರ್ ವೀಲ್, ಲೋ ಗೇರ್ ಬಂದೇ ಬರುತ್ತದೆ. ಟೈರು 195 ಸೆಕ್ಷನ್, ಅಂದರೆ ಸಪೂರ. ಮೂಡಿಗೆರೆಯವರು ಹೇಳಿದ ಲೆಕ್ಕಕ್ಕೆ ಈಗಿನವುಗಳಲ್ಲಿ ಅಜ್ಜನ ಜೀಪಿಗೆ ಹತ್ತಿರದ ಗಾಡಿ ಇದೇ. ಪೆಟ್ರೋಲ್ ಮಾತ್ರ, 1.5 ಲೀಟರ್. ಹೈವೇಯಲ್ಲಿ ಓವರ್‌ಟೇಕ್ ಮಾಡೋದಕ್ಕೆ ಗೇರ್ ಇಳಿಸಬೇಕು. ಅಷ್ಟೇ ತೊಂದರೆ.

ಚಿಕ್ಕಮಗಳೂರಿನಿಂದ:

ಎಲ್ಲರೂ ಕೆಸರು ಕೆಸರು ಅಂತಿದ್ದೀರಿ. ಕೇಳಿದವರ ಮನೆಯಲ್ಲಿ ಐದು ಜನ. ಜಿಮ್ನಿ ನಾಲ್ಕು ಸೀಟಿನ ಗಾಡಿ. ಮೂರು ಬಾಗಿಲ ಥಾರ್ ಕೂಡ ನಾಲ್ಕೇ. ಅಮ್ಮನ್ನ ಎಲ್ಲಿ ಕೂರಿಸುತ್ತೀರಿ? ಮೂರು ಬಾಗಿಲ ಗಾಡಿಯಲ್ಲಿ ಹಿಂದೆ ಹೋಗಬೇಕಾದರೆ ಮುಂದಿನ ಸೀಟು ಬಗ್ಗಿಸಿ ಹತ್ತಬೇಕು. ಮಂಡಿ ನೋವಿಗೆ ಅದು ಶಿಕ್ಷೆ.

ಹಾಗಾಗಿ ಉಳಿಯೋದು ಎರಡು. ಐದು ಬಾಗಿಲ ಥಾರ್ ರಾಕ್ಸ್, ಅದೂ ಡೀಸೆಲ್‌ನಲ್ಲಿ. ಪೆಟ್ರೋಲ್ ರಾಕ್ಸ್‌ಗೆ ಫೋರ್ ವೀಲ್ ಇಲ್ಲ. ಇಲ್ಲವಾದರೆ 2024ರಲ್ಲಿ ಬಂದ ಐದು ಬಾಗಿಲ ಗೂರ್ಖಾ, ಏಳು ಜನ ಕೂರಬಹುದು. ಗೂರ್ಖಾಗೆ ಕಂಪನಿಯಿಂದಲೇ ಸ್ನಾರ್ಕೆಲ್, ಅಂದರೆ ಎಂಜಿನ್ನಿಗೆ ಮೇಲಿಂದ ಗಾಳಿ ಎಳೆಯುವ ಕೊಳವೆ, ಬರುತ್ತದೆ. ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ ಡಿಫರೆನ್ಷಿಯಲ್ ಲಾಕ್ ಇದೆ. ಅಂದರೆ ಒಂದು ಚಕ್ರ ಗಾಳಿಯಲ್ಲಿ ಸುತ್ತುತ್ತಿದ್ದರೂ ನೆಲ ಹಿಡಿದ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಕೊರಕಲು ಬಿದ್ದ ದಾರಿಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಎತ್ತರ ಜಾಸ್ತಿ. ಅಮ್ಮನಿಗೆ ಒಂದು ಮಣೆ ಇಟ್ಟುಕೊಂಡಿರಿ.

ಮೂಡಿಗೆರೆಯವರು ಮತ್ತೆ:

ಸೀಟಿನ ಲೆಕ್ಕ ಸರಿ. ಅದು ಮೊದಲೇ ಬರಬೇಕಿತ್ತು. ಆದರೂ ಒಂದು ವಾದ ಇದೆ. ಅಮ್ಮ ಮಕ್ಕಳು ಎಲ್ಲಾ ಸಲ ಬರುತ್ತಾರಾ? ನಮ್ಮ ಕಡೆ ಬಹಳ ಜನ ಮಾಡೋದು ಹೀಗೆ: ಹೈವೇಗೆ ಮನೆಯ ಕಾರು, ತೋಟದಲ್ಲೇ ನಿಲ್ಲಿಸೋದಕ್ಕೆ ಒಂದು ಹಳೇ ಜೀಪ್. ಟಾರು ಮುಗಿಯುವಲ್ಲಿ ಯಾರದ್ದಾದರೂ ಮನೆ ಅಂಗಳದಲ್ಲಿ ಕಾರು ಬಿಟ್ಟು ಜೀಪ್ ಹತ್ತೋದು. ಮಹೀಂದ್ರಾದ ಹಳೇ ಜೀಪ್ ಎಂಎಂ 540ಯಲ್ಲಿ ಹಿಂದೆ ಎದುರುಬದುರು ಬೆಂಚು. ಗೊಬ್ಬರದ ಚೀಲವನ್ನೂ ಹಾಕಬಹುದು, ಜನರನ್ನೂ ಹಾಕಬಹುದು. ಬೆಂಗಳೂರಿಂದ ಸಕಲೇಶಪುರಕ್ಕೆ 220 ಕಿಲೋಮೀಟರ್ ಅದರಲ್ಲೇ ಬರುತ್ತೇನೆ ಅಂದರೆ ಮಾತ್ರ ನಿಮ್ಮ ಸೊಂಟ ಮರುದಿನ ಉತ್ತರ ಕೊಡುತ್ತದೆ.

ಬಾಳೆಹೊನ್ನೂರಿನ ಗ್ಯಾರೇಜಿನವರು:

ಹಳೇ ಗಾಡಿ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪೇಂಟ್ ನೋಡಬೇಡಿ. ಕೆಳಗೆ ಮಲಗಿ ಚಾಸಿ ನೋಡಿ. ಮಲೆನಾಡಲ್ಲಿ ಓಡಿದ ಗಾಡಿಗೆ ತುಕ್ಕು ಶುರುವಾಗೋದು ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಸದ್ದು ಗಟ್ಟಿ ಬರಬೇಕು. ಹೊಸದಾಗಿ ಬಳಿದ ಕಪ್ಪು ಬಣ್ಣ ಇದ್ದರೆ ಅನುಮಾನ ಪಡಿ.

ಆಮೇಲೆ ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತಾ ಅಂತ ನೋಡಿ. ಲಿವರ್ ಬೀಳುತ್ತದೆ, ಮುಂದಿನ ಚಕ್ರ ಎಳೆಯೋದಿಲ್ಲ. ಇಂಥವು ಬೇಕಾದಷ್ಟು ಬರುತ್ತವೆ. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಯಾರೋ ಬಿಚ್ಚಿಟ್ಟಿರುತ್ತಾರೆ. ಕೆಲವು ಜಿಪ್ಸಿ, ಹಳೇ ಜೀಪ್‌ಗಳಲ್ಲಿ ಮುಂದಿನ ಚಕ್ರದ ಹಬ್ ಇಳಿದು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಅದು ಜಾಮ್ ಆಗಿದೆಯಾ ನೋಡಿ. ಪರೀಕ್ಷೆಯನ್ನು ಮಣ್ಣಲ್ಲೇ ಮಾಡಿ. ಈ ಗಾಡಿಗಳಲ್ಲಿ ಮುಂದೆ ಹಿಂದೆ ಆಕ್ಸಲ್ ಎರಡೂ ಒಟ್ಟಿಗೆ ಕಟ್ಟಿಕೊಂಡಿರುತ್ತವೆ. ಒಣ ಟಾರಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಗೇರ್ ಬಾಕ್ಸಿಗೆ ಪೆಟ್ಟು. ಹೊಸ ಥಾರ್, ಜಿಮ್ನಿಗೂ ಇದೇ ಮಾತು.

ಕಾಗದ ಪತ್ರ: 15 ವರ್ಷ ದಾಟಿದ್ದರೆ ಆರ್‌ಸಿ ನವೀಕರಣ ಆಗಿದೆಯಾ ನೋಡಿ. ಎಂಜಿನ್ ಬದಲಾಯಿಸಿದ್ದರೆ ಆರ್‌ಸಿಯಲ್ಲಿ ಆ ನಂಬರ್ ಇರಲೇಬೇಕು. ಗಾಡಿಯ ಮೂಲ ಸ್ವರೂಪ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ ಮೇಲೆ ಬಿಗಿ ಜಾಸ್ತಿ ಆಗಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಕೂಡ ಬೇಡ. 2017ರ ಕೊನೆಗೇ ಅದು ಬೇಡ ಅಂತ ಕೇಂದ್ರದ ಸುತ್ತೋಲೆ ಬಂದಿದೆ.

ಯಾವ ಕಂಪನಿ ಅಂತ ನಾನು ಹೇಳುವುದಿಲ್ಲ. ನಿಮ್ಮೂರಿಗೆ ಹತ್ತಿರದ ಮೆಕ್ಯಾನಿಕ್ ಯಾವ ಗಾಡಿ ಬಿಚ್ಚಿ ಅಭ್ಯಾಸ ಇದ್ದಾನೋ ಅದು ತಗೊಳ್ಳಿ. ಪಾರ್ಟ್ಸ್ ಹಾಸನದಲ್ಲಿ ಸಿಗುತ್ತಾ, ಬೆಂಗಳೂರಿಂದಲೇ ಬರಬೇಕಾ, ಫೋನ್ ಮಾಡಿ ಕೇಳಿ.

ಸೋಮವಾರಪೇಟೆಯಿಂದ:

ಟೈರಿನ ಬಗ್ಗೆ ಯಾರೂ ಸರಿಯಾಗಿ ಬರೆದಿಲ್ಲ. ಗಾಡಿ ಯಾವುದೇ ಇರಲಿ, ಶೋರೂಮ್‌ನಿಂದ ಬಂದ ನಯವಾದ ಹೈವೇ ಟೈರಲ್ಲಿ ಆ ಏರು ಹತ್ತೋದು ಕಷ್ಟ. ಟೈರಿನ ಗೀರುಗಳಲ್ಲಿ ಮಣ್ಣು ತುಂಬಿಕೊಂಡು ಅದು ಬೋಳಾಗುತ್ತದೆ. ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರ್ ಹಾಕಿಸಿ. ಪೂರ್ತಿ ಮಡ್ ಟೈರ್ ಬೇಡ. ನೀವು ಬೆಂಗಳೂರಿಂದ ಬರುವವರು, ಒದ್ದೆ ಟಾರಲ್ಲಿ ಅದು ಬ್ರೇಕ್ ಸರಿ ಹಿಡಿಯೋದಿಲ್ಲ, ಗುಂಯ್ ಅಂತ ಸದ್ದು ಬೇರೆ. ಮಣ್ಣು ದಾರಿಗೆ ಇಳಿಯುವ ಮುಂಚೆ ಗಾಳಿ 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿ. ಟೈರು ಅಗಲವಾಗಿ ಕೂತು ಹಿಡಿತ ಬರುತ್ತದೆ. ವಾಪಸ್ ಬಂದು ಟಾರು ಸೇರಿದ ಕೂಡಲೇ ತುಂಬಿಸಿ. ಗಾಡಿಯ ಸಾಕೆಟ್ಟಿಗೆ ಹಾಕುವ ಸಣ್ಣ ಪಂಪ್ ಸಾಕು.

ಜುಲೈ-ಆಗಸ್ಟ್‌ಗೆ ಟೈರಿಗೆ ಸುತ್ತಿ ಕಟ್ಟುವ ಚೈನ್ ಇಟ್ಟುಕೊಳ್ಳಿ. ನಮ್ಮ ಕಡೆ ಬಾಡಿಗೆ ಜೀಪಿನವರು ಕಟ್ಟಿಕೊಂಡು ಓಡಿಸೋದು ನೋಡಿರುತ್ತೀರಿ. ಸಾವಿರಗಟ್ಟಲೆ ಹೆಚ್ಚು ಕೊಟ್ಟು ಟೈರ್ ತಂದವರನ್ನೂ ಅವರು ಹಗ್ಗ ಹಾಕಿ ಎಳೆಯುತ್ತಾರೆ. ಚೈನ್ ಕಟ್ಟೋದನ್ನು ಮನೆ ಅಂಗಳದಲ್ಲೇ ಕಲಿಯಿರಿ. ಉಂಬಳ ಹತ್ತಿಸಿಕೊಂಡು ಮಳೆಯಲ್ಲಿ ಕಲಿಯುವ ವಿದ್ಯೆ ಅಲ್ಲ ಅದು.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಐದು ಜನರ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ರಾಕ್ಸ್ ಡೀಸೆಲ್ ಮತ್ತು ಗೂರ್ಖಾ ಎರಡನ್ನೂ ಓಡಿಸಿ ನೋಡುತ್ತೇನೆ. ಇಲ್ಲಾ, ಕಾರು ಇಟ್ಟುಕೊಂಡು ಒಂದು 540. ಹೆಂಡತಿ ಎರಡನೆಯದಕ್ಕೇ ಒಲವು ತೋರಿಸುತ್ತಿದ್ದಾಳೆ, ಖರ್ಚಿನ ದೃಷ್ಟಿಯಿಂದ. ಆ ಹಳ್ಳದ ವಿಷಯ ಮಾತ್ರ ಯಾರೂ ಹೇಳಲಿಲ್ಲ.

ಮೂಡಿಗೆರೆಯವರು:

ಥಾರ್ 650 ಮಿಲಿಮೀಟರ್ ನೀರಲ್ಲಿ ಹೋಗುತ್ತದೆ ಅಂತ ಕಂಪನಿ ಬರೆದಿದೆ. ಅದು ನಿಂತ ನೀರಿನ ಲೆಕ್ಕ. ಹರಿಯುವ ಹಳ್ಳದಲ್ಲಿ ಮೊಣಕಾಲೆತ್ತರದ ನೀರೂ ಗಾಡಿಯನ್ನು ಪಕ್ಕಕ್ಕೆ ತಳ್ಳಬಲ್ಲದು. ಸ್ನಾರ್ಕೆಲ್ ಇದ್ದರೆ ಎಂಜಿನ್ನಿಗೆ ನೀರು ಹೋಗೋದಿಲ್ಲ, ಗಾಡಿ ತೇಲೋದನ್ನು ಅದು ತಡೆಯೋದಿಲ್ಲ. ಜೋರು ಮಳೆ ಬಂದ ದಿನ ತಳ ಕಾಣದಿದ್ದರೆ ಈಚೆ ದಡದಲ್ಲೇ ನಿಲ್ಲಿಸಿ. ಕಾಲು ಸಂಕ ಇದ್ದರೆ ನಡೆದು ದಾಟಿ. ಮಲೆನಾಡಿನ ಹಳ್ಳ ಮಳೆ ನಿಂತರೆ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ದಾಟಿದ ದಿನ ಆಕ್ಸಲ್ ಆಯಿಲ್ ನೋಡಿಸಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ, ಕೂಡಲೇ ಬದಲಾಯಿಸಿ.

ಮತ್ತೆ ಈ ಬೇಸಿಗೆಯಲ್ಲಿ ದುಡ್ಡು ಕೊಟ್ಟುಬಿಡಬೇಡಿ. ಮಾರ್ಚ್‌ನಲ್ಲಿ ನಿಮ್ಮ ದಾರಿಯಲ್ಲಿ ಆಲ್ಟೋ ಕೂಡ ಹೋಗುತ್ತದೆ. ಜುಲೈನಲ್ಲಿ ಪಕ್ಕದ ತೋಟದವರ ಗಾಡಿಯಲ್ಲಿ ಕೂತು ಆ ಏರು ಹತ್ತಿ ನೋಡಿ, ಆಮೇಲೆ ಬುಕ್ ಮಾಡಿ.