ದೀರ್ಘಶಾಂತಿ, ತಾಳ್ಮೆ, ಸಮಾಧಾನ: ಯಾವುದು ಯಾವುದು?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುವ ಕೆಲಸ ನನ್ನದು. ಹೋದ ವಾರ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಇತ್ತು. ಡ್ರಾಯಿಂಗ್ ಶೀಟಿನಲ್ಲಿ ಮರ ಬರೆದು, ಒಂಬತ್ತು ಹಣ್ಣು ಬಿಡಿಸಿ, ಒಂದೊಂದರೊಳಗೆ ಆತ್ಮನ ಫಲದ ಒಂದೊಂದು ಹೆಸರು ಬರೆಯಬೇಕಿತ್ತು. ಪ್ರೀತಿ, ಸಂತೋಷ, ಸಮಾಧಾನ ಸಲೀಸಾಗಿ ಮುಗಿದವು. ನಾಲ್ಕನೆಯದು ದೀರ್ಘಶಾಂತಿ. ಅದು ಅಂಜೂರದೊಳಗೆ ಹಿಡಿಸಲಿಲ್ಲ. ಒಬ್ಬ ಹುಡುಗಿ ಅಂಜೂರ ಅಳಿಸಿ ಬಾಳೆಹಣ್ಣು ಮಾಡಿದಳು. ಆಮೇಲೆ ಕೇಳಿದಳು: "ಟೀಚರ್, ಇದು ಜಾಸ್ತಿ ಹೊತ್ತು ಸುಮ್ನೆ ಕೂಡೋದಾ?"

ಅಲ್ಲಮ್ಮ, ತಾಳ್ಮೆ ಅಂತ ಅರ್ಥ ಅಂದೆ. "ಮತ್ತೆ ಸಮಾಧಾನ ಅಂದ್ರೇನೇ ತಾಳ್ಮೆ ಅಲ್ವಾ? ರೊಟ್ಟಿ ಬೇಯೋ ತನಕ ಸಮಾಧಾನ ಇಲ್ಲೇನು ನಿಂಗೆ ಅಂತ ನಮ್ಮಮ್ಮ ದಿನಾ ಬೈತಾಳಲ್ಲ!"

ಹುಡುಗಿ ಹೇಳಿದ್ದು ಸರಿ. ನಮ್ಮ ಕಡೆ 'ಅವನಿಗೆ ಸಮಾಧಾನ ಇಲ್ಲ' ಅಂದರೆ ಅವನು ಆತುರಗಾರ ಅಂತಲೇ. ಸತ್ಯವೇದದ ಆ ಪಟ್ಟಿಯಲ್ಲಿ ಸಮಾಧಾನ ಅಂದರೆ ಶಾಂತಿ, ದೀರ್ಘಶಾಂತಿ ಅಂದರೆ ತಾಳ್ಮೆ. ಓದುವವರ ಕಿವಿಗೆ ಎರಡೂ ಅದಲುಬದಲಾಗಿ ಕೇಳಿಸುತ್ತವೆ. ನಾನು ಇಷ್ಟು ವರ್ಷ ಓದಿದ್ದೇನೆ, ಗಮನಿಸಿರಲಿಲ್ಲ.

ಮನೆಗೆ ಬಂದು ಮೂಲ ಪದ ನೋಡಿದೆ. ಗ್ರೀಕಿನಲ್ಲಿ ದೀರ್ಘಶಾಂತಿಗೆ ಇರುವುದು 'ಮಕ್ರೊಥುಮಿಯ'. ಮಕ್ರೊಸ್ ಅಂದರೆ ಉದ್ದ, ಥುಮೊಸ್ ಅಂದರೆ ಸಿಟ್ಟು, ಆವೇಶ. ಹಾಗೇ ಕನ್ನಡಕ್ಕೆ ತಂದರೆ 'ಉದ್ದ ಸಿಟ್ಟು'. ಆದರೆ ನಮ್ಮಲ್ಲಿ ಉದ್ದ ಸಿಟ್ಟಿನವನು ಅಂದರೆ ವರ್ಷಗಟ್ಟಲೆ ಮಾತು ಬಿಟ್ಟು ಕೂತವನು! ಅರ್ಥ ಪೂರಾ ಉಲ್ಟಾ. ಸಿಟ್ಟು ಬರಲಿಕ್ಕೇ ದೀರ್ಘಕಾಲ ಹಿಡಿಯುವವನು ಅಂತ ಅದರ ತಾತ್ಪರ್ಯ. ಅದಕ್ಕೇ ಸಿಟ್ಟಿನ ಜಾಗದಲ್ಲಿ ಶಾಂತಿ ಕೂತಿದೆ. ಜಾಣತನದ ಕೆಲಸವೇ. ಆದರೆ ಸಭೆಯ ಬಾಗಿಲು ದಾಟಿದ ಮೇಲೆ ಈ ಪದವನ್ನು ಯಾರ ಬಾಯಲ್ಲೂ ನಾನು ಕೇಳಿಲ್ಲ.

ಬೈಬಲಿನ ಹಳೆ ಒಡಂಬಡಿಕೆಯ ಹೀಬ್ರೂ ಇನ್ನೂ ಮಜವಾಗಿದೆ. ವಿಮೋಚನಕಾಂಡ 34:6ರಲ್ಲಿ ದೇವರನ್ನು 'ದೀರ್ಘಶಾಂತನು' ಅನ್ನುವ ಕಡೆ ಮೂಲದಲ್ಲಿ ಇರುವುದು 'ಎರೆಖ್ ಅಪ್ಪಾಯಿಮ್'. ಪದಶಃ, ಉದ್ದ ಮೂಗಿನವನು! ಹೀಬ್ರೂವಿನಲ್ಲಿ ಮೂಗಿಗೂ ಸಿಟ್ಟಿಗೂ ಒಂದೇ ಪದ. ನಮ್ಮಲ್ಲಿ ಸಿಟ್ಟು ಇರುವುದು ಮೂಗಿನ ತುದಿಯಲ್ಲಿ ತಾನೇ. ಮೂಗು ಉದ್ದ ಇದ್ದಷ್ಟೂ ತುದಿ ಮುಟ್ಟಲು ಹೊತ್ತು ಹಿಡಿಯುತ್ತದೆ ಅಂದುಕೊಂಡೆ. ಇದು ವ್ಯಾಕರಣವಲ್ಲ, ನನ್ನ ಖುಷಿ ಅಷ್ಟೇ.

ತೊಡಕು ಇಲ್ಲಿಗೆ ಮುಗಿಯಲಿಲ್ಲ. ಗ್ರೀಕಿನಲ್ಲಿ ಇನ್ನೊಂದು ಪದವಿದೆ, 'ಹುಪೊಮೊನೆ'. ಹುಪೊ ಅಂದರೆ ಕೆಳಗೆ, ಉಳಿದ ಭಾಗ ನಿಲ್ಲುವುದು. ಭಾರದ ಕೆಳಗೆ ಅಲುಗದೆ ನಿಲ್ಲುವುದು. ಆಸ್ತಿ, ಮಕ್ಕಳು ಎಲ್ಲ ಕಳೆದುಕೊಂಡರೂ ದೇವರನ್ನು ಬಿಡದ ಯೋಬನದು ಇದು. ಸತ್ಯವೇದದಲ್ಲಿ ಇದಕ್ಕೆ ತಾಳ್ಮೆ ಅಂತಿದೆ, ಪದ ಚೆನ್ನಾಗಿ ಕೂತಿದೆ. ಜೀನ್ಸ್ ಕೊಳ್ಳಲು ಹೋದರೆ ಅಂಗಡಿಯವರು "ಎರಡು ವರ್ಷ ತಾಳ್ತದೆ ಸಾರ್" ಅನ್ನುತ್ತಾರಲ್ಲ, ಅದೇ ತಾಳುವುದು. ತೊಲೆ ಭಾರ ತಾಳುತ್ತದೆ, ನಾವು ಬೇಸಿಗೆ ತಾಳುತ್ತೇವೆ. ಆದರೆ ಇದೇ ಧಾತು ಸಿಟ್ಟಿನ ಜೊತೆ ಬಂದಾಗ ನೋಡಿ. 'ಕೋಪ ತಾಳಿದ' ಅಂದರೆ ಸಿಟ್ಟಾದ. 'ಕೋಪ ತಾಳಿಕೊಂಡ' ಅಂದರೆ ಸಿಟ್ಟು ನುಂಗಿದ. ಒಂದು 'ಕೊಂಡ' ಎಷ್ಟು ಕೆಲಸ ಮಾಡಿದೆ!

ಸಾಮಾನ್ಯವಾಗಿ ಮಕ್ರೊಥುಮಿಯ ಮನುಷ್ಯರ ಕಾಟಕ್ಕೆ, ಹುಪೊಮೊನೆ ಕಷ್ಟಕ್ಕೆ ಅನ್ನುತ್ತಾರೆ. ಆದರೆ ಯಾಕೋಬನ ಪತ್ರದ 5ನೇ ಅಧ್ಯಾಯದ ಬೇಸಾಯಗಾರನಿಗೆ ಇರುವುದು ಮಕ್ರೊಥುಮಿಯ. ಅವನಿಗೆ ಯಾರ ಮೇಲೆ ಸಿಟ್ಟು? ಮಳೆ ಮೇಲಾ? ಅವನು ಮುಂಗಾರು ಹಿಂಗಾರು ಎರಡಕ್ಕೂ ಕಾಯುತ್ತಾನೆ ಅಂತ ನಮ್ಮ ಅನುವಾದ. ಇಲ್ಲೂ ಒಂದು ಎಡವಟ್ಟಿದೆ. ಆ ನಾಡಿನ ಮೊದಲ ಮಳೆ ಬರುವುದು ಅಕ್ಟೋಬರ್ ನವೆಂಬರಿನಲ್ಲಿ, ಬಿತ್ತನೆಗೆ. ಕೊನೆಯದು ಮಾರ್ಚ್ ಏಪ್ರಿಲಿನಲ್ಲಿ, ಕಾಳು ಗಟ್ಟಿಯಾಗಲು. ನಮ್ಮ ಮುಂಗಾರು ಜೂನಿನದು. ಹಾಗಿದ್ದೂ ಎರೆಹೊಲದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಮುಂಗಾರೆಲ್ಲ ಹೊಲ ಹಸಿ ಕುಡಿಯಲಿ ಅಂತ ಬಿಟ್ಟು, ಉತ್ತರಿ ಮಳೆ ಹೊತ್ತಿಗೆ ಹಿಂಗಾರಿ ಜೋಳ ಬಿತ್ತುವವರು ಅವರು. ಖಾಲಿ ಹೊಲ ನೋಡುತ್ತಾ ಮೂರು ತಿಂಗಳು ಕಾಯುತ್ತಾರೆ. ಇದನ್ನು ದೀರ್ಘಶಾಂತಿ ಅಂದರೆ ಅವರೇ ನಗುತ್ತಾರೆ.

ಕನ್ನಡ ಬೈಬಲಿಗೂ ನಮ್ಮ ಊರಿಗೂ ಹಳೇ ನಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೈ ಹಾಕಿದರು. ನಾವೀಗ ಓದುವ ಅನುವಾದ ಆಮೇಲೆ ತಿದ್ದಿದ್ದು. ಹೊಸ ಅನುವಾದಗಳಲ್ಲಿ ದೀರ್ಘಶಾಂತಿಯ ಜಾಗಕ್ಕೆ ತಾಳ್ಮೆಯೇ ಬಂದಿರುವುದೂ ಉಂಟು. ಓದಲು ಸುಲಭ, ಆದರೆ ಎರಡು ಗ್ರೀಕ್ ಪದಗಳು ಒಂದೇ ಚೀಲಕ್ಕೆ ಬಿದ್ದವು.

ನನ್ನ ಮನಸ್ಸು 'ನಿಧಾನ'ದ ಕಡೆ ಹೋಗುತ್ತಿದೆ. ಕೋಪಕ್ಕೆ ನಿಧಾನವಾಗಿರಿ ಅಂತ ಯಾಕೋಬನೇ ಮೊದಲ ಅಧ್ಯಾಯದಲ್ಲಿ ಹೇಳುತ್ತಾನೆ. ನಮ್ಮ ಹಿರಿಯರು ಯಾರನ್ನಾದರೂ 'ಭಾಳ ನಿಧಾನಸ್ಥ' ಅಂದರೆ ಅದು ಹೊಗಳಿಕೆ. ಉರಿಸಿದರೂ ಉರಿಯದವನು ಅಂತ. ಆದರೆ ನನ್ನ ಬೈಕ್ ರಿಪೇರಿಯವನ ಬಗ್ಗೆ ಅದೇ ಮಾತು ಅಂದರೆ ಬೈಗುಳ. ಈ ಎರಡನೇ ಅರ್ಥ ಹೊಸದಾ, ಮೊದಲಿಂದಲೂ ಇತ್ತಾ? ನಿಮ್ಮ ಕಡೆ ನಿಧಾನಸ್ಥ ಅಂದರೆ ಯಾವುದು ಮೊದಲು ಹೊಳೆಯುತ್ತದೆ? ರಾಯಚೂರು, ಕೊಪ್ಪಳದವರು ಹೇಳಿದರೆ ಇನ್ನೂ ಒಳ್ಳೆಯದು. ಬರುವ ಭಾನುವಾರ ಮಿಕ್ಕ ಐದು ಹಣ್ಣು ಬಿಡಿಸಬೇಕು, ಕೊನೆಯದು 'ಶಮೆದಮೆ', ಅಂದರೆ ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದು. ಅದಕ್ಕೂ ಆ ಹುಡುಗಿ ಬಿಡುವುದಿಲ್ಲ.